ಗಾಳಿಗೂ ಉಬ್ಬರವಿದೆ, ಉಬ್ಬರಕ್ಕೂ ಋತುವಿದೆ

ಕಡಲಿಗೆ ಉಬ್ಬರವಿಳಿತ ಇರುವುದು ಕರಾವಳಿಯ ಮಕ್ಕಳಿಗೂ ಗೊತ್ತು. ನಮ್ಮ ತಲೆಯ ಮೇಲಿನ ಗಾಳಿಗೂ ಅದು ಇದೆ. ನಮ್ಮಂಥ ಉಷ್ಣವಲಯದ ಊರುಗಳಲ್ಲಿ ದಿನಕ್ಕೆ ಎರಡು ಸಲ, ಬೆಳಗ್ಗೆ ಹತ್ತರ ಹೊತ್ತಿಗೆ ಮತ್ತು ರಾತ್ರಿ ಹತ್ತರ ಹೊತ್ತಿಗೆ, ಗಾಳಿಯ ಒತ್ತಡ ಏರಿರುತ್ತದೆ. ಬೆಳಗಿನ ಜಾವ ನಾಲ್ಕಕ್ಕೆ, ಸಂಜೆ ನಾಲ್ಕಕ್ಕೆ ಇಳಿದಿರುತ್ತದೆ. ಏರಿಳಿತದ ಪ್ರಮಾಣ ಮೂರು ನಾಲ್ಕು ಹೆಕ್ಟೋಪಾಸ್ಕಲ್ ಮಾತ್ರ. ಸಮುದ್ರಮಟ್ಟದಲ್ಲಿ ಒಟ್ಟು ಒತ್ತಡ ಸಾವಿರದ ಆಸುಪಾಸು, ಬೆಂಗಳೂರಿನ ಎತ್ತರದಲ್ಲಿ 900ಕ್ಕೆ ತುಸು ಹೆಚ್ಚು. ಅಷ್ಟರಲ್ಲಿ ಇಷ್ಟು ಏರಿಳಿದರೆ ಮೈಗೆ ತಿಳಿಯುವುದಿಲ್ಲ. ಆದರೆ ಒತ್ತಡ ಅಳೆಯುವ ಸಂವೇದಕ ಈಗ ಎಷ್ಟೋ ಮೊಬೈಲುಗಳಲ್ಲೇ ಇದೆ. ಮಳೆಮೋಡವಿಲ್ಲದ ದಿನ ಅಂಥ ಮೊಬೈಲನ್ನು ಒಂದೇ ಕಡೆ ಇಟ್ಟು ಗಂಟೆಗೊಮ್ಮೆ ಬರೆದಿಟ್ಟುಕೊಂಡರೆ ಈ ಏರಿಳಿತವನ್ನು ಯಾರು ಬೇಕಾದರೂ ಕಾಣಬಹುದು. ಜಾಗ ಮಾತ್ರ ಬದಲಿಸಬಾರದು. ಒಂದು ಮಹಡಿ ಹತ್ತಿದರೂ ಒತ್ತಡ ಹೆಕ್ಟೋಪಾಸ್ಕಲ್‌ನ ಮೂರನೇ ಒಂದು ಭಾಗದಷ್ಟು ಇಳಿದುಬಿಡುತ್ತದೆ.

ಹಳೆಯ ಹವಾಮಾನ ಕೇಂದ್ರಗಳಲ್ಲಿ ಬ್ಯಾರೋಗ್ರಾಫ್ ಎಂಬ ಯಂತ್ರವಿರುತ್ತಿತ್ತು. ಗಡಿಯಾರದಂತೆ ತಿರುಗುವ ಒಂದು ಉರುಳೆ, ಅದಕ್ಕೆ ಸುತ್ತಿದ ಗೆರೆಕಾಗದ, ಕಾಗದಕ್ಕೆ ತಾಗಿಕೊಂಡ ಶಾಯಿಯ ಮೊನೆ. ವಾರಕ್ಕೊಮ್ಮೆ ಕಾಗದ ಬದಲಿಸಿ, ಚಾವಿ ಕೊಟ್ಟರೆ ಆಯಿತು. ಶಾಂತ ಹವೆಯ ವಾರದಲ್ಲಿ ಆ ಮೊನೆ ದಿನಕ್ಕೆರಡರಂತೆ ಹದಿನಾಲ್ಕು ದಿಬ್ಬಗಳನ್ನು ಬರೆಯುತ್ತಿತ್ತು. ಹಡಗಿನವರಿಗೆ ಇದು ಜೀವ ಉಳಿಸುವ ತಿಳಿವಳಿಕೆ. ನಿತ್ಯದ ಏರಿಳಿತವನ್ನು ಕಳೆದ ಮೇಲೂ ಒತ್ತಡ ಆ ತಿಂಗಳ ಸರಾಸರಿಗಿಂತ ಮೂರು ಹೆಕ್ಟೋಪಾಸ್ಕಲ್ ಕೆಳಗಿದ್ದರೆ ಚಂಡಮಾರುತದ ಶಂಕೆ, ಐದು ಕೆಳಗಿದ್ದರೆ ಬಹುಪಾಲು ಖಚಿತ ಎಂಬುದು ಉಷ್ಣವಲಯದ ನಾವಿಕರ ಹಳೆಯ ನಿಯಮ. ನಿತ್ಯದ್ದು ಯಾವುದೆಂದು ಬಲ್ಲವನಿಗೆ ಮಾತ್ರ ನಿತ್ಯದ್ದಲ್ಲದ್ದು ಕಾಣುತ್ತದೆ. ಇಂದಿನ ಚಿಂತನೆಯ ತಿರುಳೂ ಅದೇ.

ಕಡಲಿನ ಉಬ್ಬರ ಬಹುಪಾಲು ಚಂದ್ರನದು. ಹಾಗಾಗಿ ಅದು ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತಾ ಹೋಗುತ್ತದೆ. ಗಾಳಿಯ ಉಬ್ಬರ ತಡವಾಗುವುದಿಲ್ಲ. 1799ರಿಂದ 1804ರವರೆಗೆ ದಕ್ಷಿಣ ಮತ್ತು ಮಧ್ಯ ಅಮೆರಿಕದಲ್ಲಿ ಸುತ್ತಾಡಿದ ಜರ್ಮನ್ ವಿಜ್ಞಾನಿ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್, ಅಲ್ಲಿ ಒತ್ತಡ ಅಳೆಯುವ ಬ್ಯಾರೋಮೀಟರಿನ ಪಾದರಸದ ಮಟ್ಟ ನೋಡಿಯೇ ಹೊತ್ತು ಎಷ್ಟೆಂದು ಹೇಳಬಹುದು ಎನ್ನುವಷ್ಟು ಈ ಏರಿಳಿತ ಕ್ರಮಬದ್ಧವಾಗಿದೆ ಎಂದು ಕಂಡುಕೊಂಡಿದ್ದ. ಹೊತ್ತಿಗೆ ಸರಿಯಾಗಿ ಬರುವುದಾದರೆ ಅದು ಸೂರ್ಯನ ಕೆಲಸ. ಆದರೆ ಸೂರ್ಯ ಗಾಳಿಯನ್ನು ಕಾಯಿಸುವುದು ದಿನಕ್ಕೆ ಒಂದೇ ಸಲ. ಬ್ಯಾರೋಮೀಟರ್ ಏರುವುದು ಎರಡು ಸಲ. ಇದೇಕೆ?

1882ರಲ್ಲಿ ಬ್ರಿಟನ್ನಿನ ಭೌತವಿಜ್ಞಾನಿ ಲಾರ್ಡ್ ಕೆಲ್ವಿನ್ ಒಂದು ಉತ್ತರ ಊಹಿಸಿದ. ವಾತಾವರಣಕ್ಕೆ ತನ್ನದೇ ಆದ ಒಂದು ಸಹಜ ತೊನೆತವಿದೆ, ಅದರ ಅವಧಿ ಸರಿಸುಮಾರು ಹನ್ನೆರಡು ಗಂಟೆ, ಆದ್ದರಿಂದ ಸೂರ್ಯನ ಶಾಖದಲ್ಲಿರುವ ಹನ್ನೆರಡು ಗಂಟೆಯ ಅಂಶಕ್ಕೆ ಅದು ಬಲವಾಗಿ ಓಗೊಡುತ್ತದೆ ಎಂದ. ಸುಂದರವಾದ ಊಹೆ. ಐವತ್ತು ಅರವತ್ತು ವರ್ಷ ಘಟಾನುಘಟಿ ಗಣಿತಜ್ಞರು ಅದರ ಬೆನ್ನು ಹತ್ತಿದರು. ಎರಡನೆಯ ಮಹಾಯುದ್ಧದ ನಂತರ ರಾಕೆಟ್‌ಗಳು ಮೇಲೇರಿ ಅಲ್ಲಿನ ಉಷ್ಣತೆಯನ್ನು ನಿಜವಾಗಿ ಅಳೆದಾಗ ತೊನೆತದ ಅವಧಿ ಹನ್ನೆರಡು ಗಂಟೆಯಾಗಲು ಬೇಕಿದ್ದಷ್ಟು ಬಿಸಿ ಅಲ್ಲಿ ಇರಲಿಲ್ಲ. ಊಹೆ ಬಿತ್ತು.

ಸರಿಯಾದ ಉತ್ತರ ಬಂದದ್ದು 1960ರ ದಶಕದಲ್ಲಿ. ಸೂರ್ಯನ ಶಾಖವನ್ನು ಗಾಳಿ ಹೀರುವುದು ಮುಖ್ಯವಾಗಿ ಎರಡು ಕಡೆ. ನೆಲಕ್ಕೆ ಹತ್ತಿರದ ಪದರದಲ್ಲಿ ನೀರಾವಿ ಅವಕೆಂಪು ಕಿರಣಗಳನ್ನು ಹೀರುತ್ತದೆ. ಮೂವತ್ತು ನಲವತ್ತು ಐವತ್ತು ಕಿಲೋಮೀಟರ್ ಎತ್ತರಗಳಲ್ಲಿ ಓಝೋನ್ ನೇರಳಾತೀತ ಕಿರಣಗಳನ್ನು ಹೀರುತ್ತದೆ. ಹೀಗೆ ಕಾದ ಗಾಳಿ ಉಬ್ಬಿ, ಅಲೆಗಳು ಹುಟ್ಟಿ, ಸೂರ್ಯನ ಹಿಂದೆಯೇ ಪೂರ್ವದಿಂದ ಪಶ್ಚಿಮಕ್ಕೆ ಭೂಮಿಯನ್ನು ಸುತ್ತುತ್ತವೆ. ಒಂದು ಅಲೆ ಇಪ್ಪತ್ತನಾಲ್ಕು ಗಂಟೆಯದು, ಒಂದು ಹನ್ನೆರಡು ಗಂಟೆಯದು, ಇನ್ನೂ ಚಿಕ್ಕವು ಎಂಟು ಗಂಟೆಯವು. ಹನ್ನೆರಡು ಗಂಟೆಯ ಅಲೆ ಲಂಬವಾಗಿ ಬಲು ಉದ್ದ, ನೂರು ಕಿಲೋಮೀಟರಿಗೂ ಮೀರಿದ್ದು. ಓಝೋನ್ ಪದರದ ಬೇರೆ ಬೇರೆ ಎತ್ತರಗಳಲ್ಲಿ ಹುಟ್ಟಿದ ಅಲೆಗಳು ಒಂದಕ್ಕೊಂದು ಕೂಡಿಕೊಂಡು ಪೂರ್ತಿ ಬಲದಿಂದ ನೆಲಕ್ಕೆ ಇಳಿಯುತ್ತವೆ. ಇಪ್ಪತ್ತನಾಲ್ಕು ಗಂಟೆಯ ಅಲೆಯ ಲಂಬ ಉದ್ದ ಇಪ್ಪತ್ತೈದು ಮೂವತ್ತು ಕಿಲೋಮೀಟರ್ ಮಾತ್ರ. ದಪ್ಪನೆಯ ಓಝೋನ್ ಪದರದೊಳಗೆ ಒಂದೆಡೆಯ ಏರು ಇನ್ನೊಂದೆಡೆಯ ಇಳಿತಕ್ಕೆ ಸಿಕ್ಕಿ ಅಲ್ಲಲ್ಲೇ ಅಳಿಸಿಹೋಗುತ್ತದೆ. ಬ್ಯಾರೋಮೀಟರ್ ದಿನಕ್ಕೆರಡು ಸಲ ಏರುವ ಗುಟ್ಟು ಇದು.

ಈ ಅಲೆಗಳು ಕೆಳಗೆ ಮಾತ್ರ ಇಳಿಯುವುದಿಲ್ಲ, ಮೇಲಕ್ಕೂ ಏರುತ್ತವೆ. ಏರಿದಂತೆ ದೊಡ್ಡವಾಗುತ್ತವೆ. ಎತ್ತಿನ ಗಾಡಿಯವನ ಬಾರುಕೋಲನ್ನು ನೆನೆಯಿರಿ. ಹಿಡಿಯ ಹತ್ತಿರ ಕೈ ತುಸುವೇ ಅಲುಗುತ್ತದೆ. ಬಾರು ಸಣ್ಣಗಾಗುತ್ತಾ ಹೋದಂತೆ ಅದೇ ಅಲುಗಾಟ ಬೆಳೆದು ತುದಿಯಲ್ಲಿ ಛಟೀರೆನ್ನುತ್ತದೆ. ವಾತಾವರಣವೂ ಮೇಲೆ ಹೋದಂತೆ ತೆಳುವಾಗುತ್ತದೆ. ನೂರು ಕಿಲೋಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ನೆಲದ್ದಕ್ಕಿಂತ ಸುಮಾರು ಇಪ್ಪತ್ತು ಲಕ್ಷ ಪಟ್ಟು ಕಡಿಮೆ. ಅಲೆಯ ಶಕ್ತಿ ಅಷ್ಟೇ, ಹೊರುವ ಗಾಳಿ ಕಡಿಮೆ; ಆದ್ದರಿಂದ ಅದರ ಬೀಸು ಹೆಚ್ಚು. ಕೆಳಗೆ ಸೆಕೆಂಡಿಗೆ ಕೆಲವೇ ಸೆಂಟಿಮೀಟರ್ ಇದ್ದ ಚಲನೆ ಅಲ್ಲಿ ಹತ್ತಾರು ಮೀಟರ್ ಆಗುತ್ತದೆ. ಉಲ್ಕೆಗಳು ಉರಿಯುವ ಆ ಎತ್ತರದಲ್ಲಿ ಉಬ್ಬರವೇ ಹವಾಮಾನದ ಬಹುಪಾಲು. ಅಲ್ಲಿ ಬೀಸುವ ಗಾಳಿ ಬೆಳಗ್ಗೆ ಒಂದು ದಿಕ್ಕಿಗಿದ್ದರೆ ಸಂಜೆಗೆ ಬೇರೊಂದು ದಿಕ್ಕಿಗೆ ತಿರುಗಿರುತ್ತದೆ.

ಈ ಉಬ್ಬರಕ್ಕೆ ಋತುಗಳಿವೆ, ಅವು ನಮ್ಮ ಋತುಗಳಂತಿಲ್ಲ. ಉಷ್ಣವಲಯದ ಮೇಲೆ ಇಪ್ಪತ್ತನಾಲ್ಕು ಗಂಟೆಯ ಅಲೆ ಅತ್ಯಂತ ಬಲವಾಗುವುದು ಹಗಲಿರುಳು ಸಮನಾಗುವ ದಿನಗಳ ಸುತ್ತಮುತ್ತ: ಒಮ್ಮೆ ಯುಗಾದಿಯ ಆಸುಪಾಸಿನ ಮಾರ್ಚ್, ಏಪ್ರಿಲ್‌ನಲ್ಲಿ, ಇನ್ನೊಮ್ಮೆ ನವರಾತ್ರಿಯ ಆಸುಪಾಸಿನ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಎರಡರಲ್ಲಿ ಮಾರ್ಚಿನದೇ ಹೆಚ್ಚು ಜೋರು. 1991ರಲ್ಲಿ ಹಾರಿದ ಅಮೆರಿಕದ ಯುಎಆರ್‌ಎಸ್ ಉಪಗ್ರಹ ಇದನ್ನು ಜಗತ್ತಿನ ಸುತ್ತಲೂ ಸ್ಪಷ್ಟವಾಗಿ ತೋರಿಸಿತು. ತೊಂಬತ್ತೈದು ಕಿಲೋಮೀಟರ್ ಎತ್ತರದಲ್ಲಿ ಮಾರ್ಚ್‌ನ ಉತ್ತರ-ದಕ್ಷಿಣ ಬೀಸು ಸೆಕೆಂಡಿಗೆ ಐವತ್ತು ಮೀಟರನ್ನೂ ದಾಟುತ್ತದೆ. ಗಂಟೆಗೆ 180 ಕಿಲೋಮೀಟರ್ ಎಂದಾಯಿತು. ಜೂನ್ ಮತ್ತು ಡಿಸೆಂಬರ್‌ಗಳಲ್ಲಿ ಅದು ಅರ್ಧದಷ್ಟಕ್ಕೆ, ಕೆಲವೊಮ್ಮೆ ಅದಕ್ಕೂ ಕೆಳಗೆ, ಕುಗ್ಗುತ್ತದೆ. ಈ ಬೀಸು ಗರಿಷ್ಠವಾಗಿರುವುದು ಎರಡೂ ಗೋಳಾರ್ಧಗಳ ಇಪ್ಪತ್ತು ಡಿಗ್ರಿ ಅಕ್ಷಾಂಶದ ಸುಮಾರಿಗೆ. ಬೀದರ್, ಕಲಬುರಗಿಗಳ ನೆತ್ತಿ ಅದಕ್ಕೆ ದೂರವೇನಲ್ಲ.

ಏಕೆ ಹೀಗೆ? ಸೂರ್ಯ ವಿಷುವದ್ವೃತ್ತದ ನೇರಕ್ಕೆ ಬಂದಾಗ ಎರಡೂ ಗೋಳಾರ್ಧಗಳಿಗೆ ಶಾಖ ಸಮನಾಗಿ ಸಿಗುತ್ತದೆ. ಅಲೆಗೆ ಅದು ಅನುಕೂಲ. ಆದರೆ ಅದೊಂದೇ ಕಾರಣ ಸಾಲದು. ಅಲೆ ಏರಿಹೋಗುವ ದಾರಿಯಲ್ಲಿ, ಐವತ್ತರಿಂದ ಎಂಬತ್ತು ಕಿಲೋಮೀಟರ್ ನಡುವೆ, ಬಲವಾದ ಗಾಳಿಗಳಿವೆ. ಬೇಸಿಗೆಯ ಗೋಳಾರ್ಧದಲ್ಲಿ ಅವು ಪಶ್ಚಿಮಕ್ಕೆ, ಚಳಿಗಾಲದ ಗೋಳಾರ್ಧದಲ್ಲಿ ಪೂರ್ವಕ್ಕೆ ಬೀಸುತ್ತವೆ. ಅಕ್ಷಾಂಶದಿಂದ ಅಕ್ಷಾಂಶಕ್ಕೆ ಗಾಳಿಯ ವೇಗ ಹೀಗೆ ಬದಲಾದಾಗ, ಭೂಮಿಯ ತಿರುಗುವಿಕೆಯಿಂದ ಅಲೆಗೆ ತಾಗುವ ಸೆಳೆತವೂ ಬದಲಾದಂತಾಗಿ ಅಲೆಗೆ ಸಿಗುವ ಹಾದಿ ಕಿರಿದಾಗುತ್ತದೆ. ಜೂನ್, ಡಿಸೆಂಬರ್‌ಗಳಲ್ಲಿ ಈ ಅಡ್ಡಿ ಹೆಚ್ಚು, ವಿಷುವದ ದಿನಗಳಲ್ಲಿ ಕಡಿಮೆ. ಇದರ ಜೊತೆಗೆ ವಿಷುವದ್ವೃತ್ತದ ಮೇಲಿನ ವಾಯುಸ್ತರದಲ್ಲಿ ಸುಮಾರು ಇಪ್ಪತ್ತೆಂಟು ತಿಂಗಳಿಗೊಮ್ಮೆ ದಿಕ್ಕು ಬದಲಿಸಿ ಮರಳುವ ಗಾಳಿಯೊಂದಿದೆ. ಅದು ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ವರ್ಷಗಳಲ್ಲಿ ಮೇಲಿನ ಉಬ್ಬರ ಜಾಸ್ತಿ, ಎದುರು ದಿಕ್ಕಿನ ವರ್ಷಗಳಲ್ಲಿ ಕಮ್ಮಿ. ಮೇಲಿನ ಲೋಕದಲ್ಲೂ ಒಂದು ವರ್ಷದಂತೆ ಇನ್ನೊಂದು ವರ್ಷವಿಲ್ಲ.

ನನ್ನ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚು ಹಿಡಿದದ್ದು ಮಳೆಗೂ ಈ ಉಬ್ಬರಕ್ಕೂ ಇರುವ ನಂಟು. ಒಂದು ಲೀಟರ್ ಮಳೆನೀರು ಆವಿಯಿಂದ ಹನಿಯಾಗುವಾಗ ಸುಮಾರು ಇಪ್ಪತ್ತೈದು ಲಕ್ಷ ಜೂಲ್ ಶಾಖ ಹೊರಬೀಳುತ್ತದೆ. ಏಳು ಲೀಟರ್ ತಣ್ಣೀರನ್ನು ಕುದಿಬರುವಷ್ಟು ಕಾಯಿಸಲು ಅಷ್ಟು ಸಾಕು. ಉಷ್ಣವಲಯದ ನೆಲದ ಮೇಲೆ ಗುಡುಗಿನ ಮೋಡಗಳು ಹೆಚ್ಚಾಗಿ ಏಳುವುದು ಮಧ್ಯಾಹ್ನದಿಂದ ಸಂಜೆಗೆ. ಹೀಗೆ ದಿನವೂ ಹೊತ್ತಿಗೆ ಸರಿಯಾಗಿ ಮೋಡಗಳು ಬಿಡುವ ಶಾಖವೂ ಅಲೆಗಳನ್ನು ಎಬ್ಬಿಸುತ್ತದೆ. ಆಫ್ರಿಕ, ದಕ್ಷಿಣ ಅಮೆರಿಕ, ಏಷ್ಯಾ ಮತ್ತು ಇಂಡೊನೇಷ್ಯದ ದ್ವೀಪಗಳು, ನಡುವೆ ಸಾಗರಗಳು ಎಂಬ ಈ ಹಂಚಿಕೆಯಿಂದಾಗಿ ಹುಟ್ಟುವ ಅಲೆಗಳಲ್ಲಿ ಒಂದು ಸೂರ್ಯನನ್ನು ಹಿಂಬಾಲಿಸದೆ ಪೂರ್ವಕ್ಕೇ ನಡೆಯುತ್ತದೆ. ನೂರು, ನೂರಹತ್ತು ಕಿಲೋಮೀಟರ್ ಎತ್ತರದಲ್ಲಿ ಆ ಅಲೆ ಮೈದುಂಬಿಕೊಳ್ಳುವುದು ಜುಲೈನಿಂದ ಸೆಪ್ಟೆಂಬರ್ ಕೊನೆಯವರೆಗೆ. ಡಿಸೆಂಬರ್, ಜನವರಿಗಳಲ್ಲಿ ಬಡಕಲಾಗುತ್ತದೆ. ಮಳೆ ಎಂದರೆ ಮೇಲಿಂದ ಕೆಳಕ್ಕೆ ಬರುವುದೆಂದು ನಾವು ತಿಳಿದಿದ್ದೇವೆ. ಅದರ ಶಾಖದ ಒಂದು ಪಾಲು ಅಲೆಯಾಗಿ ಬಾಹ್ಯಾಕಾಶದ ಅಂಚಿನವರೆಗೆ ಏರಿಹೋಗುತ್ತದೆ.

ಅಲ್ಲಿಗೂ ಮುಗಿಯುವುದಿಲ್ಲ. ಕೆಲ್ವಿನ್ ತನ್ನ ಊಹೆ ಮುಂದಿಟ್ಟ 1882ರಲ್ಲೇ ಬಾಲ್ಫೋರ್ ಸ್ಟೂವರ್ಟ್ ಎಂಬ ಸ್ಕಾಟ್ಲೆಂಡಿನ ವಿಜ್ಞಾನಿ ಇನ್ನೊಂದು ಮಾತು ಹೇಳಿದ. ದಿಕ್ಸೂಚಿಯ ಮುಳ್ಳು ದಿನವೂ ಹೊತ್ತಿಗೆ ಸರಿಯಾಗಿ ಕೂದಲೆಳೆಯಷ್ಟು ಅತ್ತಿತ್ತ ವಾಲುತ್ತದೆ. ಇದಕ್ಕೆ ಕಾರಣ ಮೇಲಿನ ಗಾಳಿಯ ಉಬ್ಬರ ಭೂಮಿಯ ಕಾಂತಕ್ಷೇತ್ರದಲ್ಲಿ ಹರಿದು ಹುಟ್ಟಿಸುವ ವಿದ್ಯುತ್ ಇರಬೇಕು ಎಂದ. ವಿದ್ಯುತ್ಕಣಗಳಿರುವ ಮೇಲಿನ ಪದರ, ಅಂದರೆ ಅಯಾನುಮಂಡಲ, ಇದೆ ಎಂಬುದೇ ಆಗ ರುಜುವಾತಾಗಿರಲಿಲ್ಲ. ಅವನ ಮಾತು ನಿಜವಾಯಿತು. ನೂರರಿಂದ ನೂರೈವತ್ತು ಕಿಲೋಮೀಟರ್ ನಡುವೆ ಉಬ್ಬರದ ಗಾಳಿ ವಿದ್ಯುತ್ ಕ್ಷೇತ್ರವನ್ನು ಹುಟ್ಟಿಸುತ್ತದೆ. ಆ ಕ್ಷೇತ್ರ ಇನ್ನೂ ಮೇಲಿನ ವಿದ್ಯುತ್ಕಣಗಳನ್ನು ಹಗಲಲ್ಲಿ ಎತ್ತಿ, ಕಾಂತೀಯ ವಿಷುವದ್ವೃತ್ತದ ಎರಡೂ ಬದಿಗೆ ಹದಿನೈದು ಡಿಗ್ರಿಯಷ್ಟು ದೂರದಲ್ಲಿ ದಟ್ಟವಾಗಿ ಸುರಿಯುತ್ತದೆ. ಆ ವೃತ್ತ ಭಾರತದ ದಕ್ಷಿಣ ತುದಿಯ ಮೇಲೆ ಹಾದುಹೋಗುತ್ತದೆ. ದಟ್ಟವಾದ ಪಟ್ಟಿ ದೇಶದ ನಡುಭಾಗದ ಮೇಲೆ ಬೀಳುತ್ತದೆ. 2006ರಲ್ಲಿ ಪ್ರಕಟವಾದ ಉಪಗ್ರಹ ಚಿತ್ರಗಳ ಅಧ್ಯಯನವೊಂದು ಈ ಪಟ್ಟಿ ಭೂಮಿಯ ಸುತ್ತ ಒಂದೇ ಸಮನಾಗಿಲ್ಲ, ನಾಲ್ಕು ಕಡೆ ಉಬ್ಬಿದೆ ಎಂದು ತೋರಿಸಿತು. ಆ ಉಬ್ಬುಗಳು ಕೆಳಗಿನ ಗುಡುಗುಮೋಡಗಳು ಎಬ್ಬಿಸಿದ, ಪೂರ್ವಕ್ಕೆ ನಡೆಯುವ ಅದೇ ಅಲೆಯ ಗುರುತು.

ಇದು ದಿನಬಳಕೆಗೆ ಸಂಬಂಧವಿಲ್ಲದ ಸಂಗತಿಯಲ್ಲ. ಜಿಪಿಎಸ್ ಸಂಕೇತ ಮೊಬೈಲಿಗೆ ಬರುವುದು ಈ ವಿದ್ಯುತ್ಕಣಗಳ ನಡುವಿನಿಂದಲೇ. ಕಣಗಳು ದಟ್ಟವಾದಷ್ಟೂ ಸಂಕೇತ ತಡವಾಗಿ, ಜಾಗದ ಲೆಕ್ಕ ಮೀಟರುಗಟ್ಟಲೆ ತಪ್ಪುತ್ತದೆ. ವಿಮಾನಗಳಿಗೆ ಈ ತಪ್ಪನ್ನು ತಿದ್ದಿಕೊಡಲು ಇಸ್ರೊ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಕಟ್ಟಿದ ‘ಗಗನ್’ ವ್ಯವಸ್ಥೆ ದೇಶದುದ್ದಕ್ಕೂ ಇರುವ ಕೇಂದ್ರಗಳಿಂದ ಅಯಾನುಮಂಡಲವನ್ನು ಅಳೆಯುತ್ತಲೇ ಇರುತ್ತದೆ. ಅದರ ನಿಯಂತ್ರಣ ಕೇಂದ್ರ ಇರುವುದು ಬೆಂಗಳೂರಿನ ಕುಂದಲಹಳ್ಳಿಯಲ್ಲಿ.

ಚಂದ್ರನನ್ನೂ ಮರೆಯುವಂತಿಲ್ಲ. ಗಾಳಿಯಲ್ಲಿ ಚಂದ್ರನ ಉಬ್ಬರವೂ ಇದೆ. ನೆಲಮಟ್ಟದಲ್ಲಿ ಅದು ಸೂರ್ಯನ ಉಬ್ಬರದ ಹದಿನೈದು ಇಪ್ಪತ್ತರಲ್ಲಿ ಒಂದು ಪಾಲು. ಆದರೆ ಕೆಲವು ಚಳಿಗಾಲಗಳಲ್ಲಿ ಉತ್ತರ ಧ್ರುವದ ಮೇಲಿನ ವಾಯುಸ್ತರ ಕೆಲವೇ ದಿನಗಳಲ್ಲಿ ಹತ್ತಾರು ಡಿಗ್ರಿ ಬಿಸಿಯಾಗಿ, ಅಲ್ಲಿನ ಗಾಳಿಗಳು ತಲೆಕೆಳಗಾಗುತ್ತವೆ. 2009ರ ಜನವರಿಯಲ್ಲಿ ಅಂಥ ದೊಡ್ಡ ಬಿಸಿಯೇರಿಕೆ ನಡೆಯಿತು. ಆಗ ಹನ್ನೆರಡು ಗಂಟೆಯ ಆಸುಪಾಸಿನ ಉಬ್ಬರಗಳು, ಚಂದ್ರನದೂ ಸೇರಿ, ಬಲವಾದವು. ಧ್ರುವದಿಂದ ಸಾವಿರಾರು ಕಿಲೋಮೀಟರ್ ದೂರದ ಪೆರುವಿನ ಹಿಕಮಾರ್ಕಾ ರೇಡಾರ್ ವಿಷುವದ್ವೃತ್ತದ ಅಯಾನುಮಂಡಲ ಬೆಳಗ್ಗೆ ಎಂದಿಗಿಂತ ಹೆಚ್ಚು ಮೇಲೇರಿ ಮಧ್ಯಾಹ್ನ ಕೆಳಗಿಳಿದದ್ದನ್ನು ಕಂಡಿತು.

ಇಷ್ಟೆಲ್ಲ ತಿಳಿದದ್ದು ಹೇಗೆ? ನೂರು ಕಿಲೋಮೀಟರ್ ಆಸುಪಾಸಿನ ಆ ಎತ್ತರ ಬಲೂನಿಗೆ ನಿಲುಕದು, ಉಪಗ್ರಹ ಅಷ್ಟು ಕೆಳಗೆ ಸುತ್ತಲಾರದು. 1963ರ ನವೆಂಬರ್ 21ರಂದು ಕೇರಳದ ತುಂಬಾದಿಂದ ಹಾರಿದ ನಮ್ಮ ನೆಲದ ಮೊದಲ ರಾಕೆಟ್ಟಿನ ಕೆಲಸವೇ ಮೇಲಿನ ಗಾಳಿಯನ್ನು ಅಳೆಯುವುದಾಗಿತ್ತು. ಸೂರ್ಯ ಮುಳುಗಿದ ಹೊತ್ತಿನಲ್ಲಿ ಅದು ಸೋಡಿಯಂ ಆವಿಯನ್ನು ಉಗುಳುತ್ತಾ ಏರಿತು. ಕೆಳಗೆ ಕತ್ತಲು ಕವಿಯುತ್ತಿದ್ದರೂ ಮೇಲೆ ಇನ್ನೂ ಬಿಸಿಲು; ಆ ಬಿಸಿಲಿಗೆ ಆವಿಯ ಪಟ್ಟಿ ಕಿತ್ತಳೆ ಬಣ್ಣದಲ್ಲಿ ಹೊಳೆಯಿತು. ಗಾಳಿ ಅದನ್ನು ಎಳೆದಾಡಿದ ರೀತಿಯನ್ನು ನೆಲದಿಂದ ಚಿತ್ರ ತೆಗೆದು ಗಾಳಿಯ ವೇಗ ಲೆಕ್ಕ ಹಾಕುವುದು ವಿಧಾನ. ಭಾರತದ ಬಾಹ್ಯಾಕಾಶ ಯಾನ ಶುರುವಾದದ್ದು ಈ ಗಾಳಿಯ ಪ್ರಶ್ನೆಯಿಂದ ಎಂಬುದು ಹೆಮ್ಮೆಯ ಸಂಗತಿ.

ಆದರೆ ಒಂದು ಸಂಜೆಯ ರಾಕೆಟ್ ಒಂದು ಸಂಜೆಯನ್ನು ತೋರಿಸುತ್ತದೆ, ಋತುವನ್ನು ತೋರಿಸಲಾರದು. ಅದಕ್ಕೆ ನೆಲದಲ್ಲಿ ಸದಾ ಎಚ್ಚರವಿರುವ ಯಂತ್ರ ಬೇಕು. ಸಾಸಿವೆಗಿಂತ ಸಣ್ಣ ಉಲ್ಕಾಧೂಳಿನ ಕಣಗಳು ಎಂಬತ್ತರಿಂದ ನೂರು ಕಿಲೋಮೀಟರ್ ನಡುವೆ ಉರಿದು, ಕ್ಷಣಮಾತ್ರ ಉಳಿಯುವ ವಿದ್ಯುತ್ಕಣಗಳ ಗೆರೆಯೊಂದನ್ನು ಬಿಡುತ್ತವೆ. ಆ ಗೆರೆ ಗಾಳಿಯೊಂದಿಗೆ ಸರಿಯುವುದನ್ನು ರೇಡಾರ್ ಹಿಡಿಯುತ್ತದೆ. ಹಗಲಾಗಲಿ, ಮೋಡವಾಗಲಿ, ದಿನಕ್ಕೆ ಸಾವಿರಾರು ಉಲ್ಕೆಗಳು ಸಿಗುತ್ತವೆ. ತಿರುವನಂತಪುರ ಮತ್ತು ತಿರುಪತಿಯಲ್ಲಿ ಇಂಥ ಉಲ್ಕಾ ರೇಡಾರುಗಳು ಕೆಲಸ ಮಾಡಿವೆ. ಬೇರೆ ಬಗೆಯ ರೇಡಾರುಗಳು ತಿರುನೆಲ್ವೇಲಿಯಲ್ಲಿ ಮತ್ತು ನಮ್ಮ ನಿಪ್ಪಾಣಿಗೆ ಕೂಗಳತೆಯ ಕೊಲ್ಹಾಪುರದಲ್ಲಿ 1990ರ ದಶಕದಿಂದ ಮೇಲಿನ ಗಾಳಿಯನ್ನು ಗಮನಿಸಿವೆ. ಉಪಗ್ರಹ ಇಡೀ ಭೂಮಿಯನ್ನು ನೋಡುತ್ತದೆ ನಿಜ. ಆದರೆ 2001ರ ಡಿಸೆಂಬರಿನಲ್ಲಿ ಹಾರಿ ಎರಡು ದಶಕಕ್ಕೂ ಮೀರಿ ದುಡಿದ ಟೈಮ್ಡ್ ಉಪಗ್ರಹಕ್ಕೆ ಒಂದೇ ಜಾಗವನ್ನು ದಿನದ ಎಲ್ಲ ಹೊತ್ತುಗಳಲ್ಲೂ ನೋಡಿ ಮುಗಿಸಲು ಸುಮಾರು ಅರವತ್ತು ದಿನ ಬೇಕು. ಅಷ್ಟರಲ್ಲಿ ಉಬ್ಬರದ ಒಂದು ಋತುವೇ ಜಾರಿಹೋಗಬಹುದು. ನೆಲದ ರೇಡಾರ್ ಅದನ್ನು ದಿನದಿನವೂ ಕಾಣುತ್ತದೆ.

ಈ ವಿದ್ಯೆಯ ಚರಿತ್ರೆಯಲ್ಲಿ ನನಗೆ ಅತಿ ದೊಡ್ಡದಾಗಿ ಕಾಣುವ ಘಟನೆ ರಾಕೆಟ್ಟಿನದೂ ಅಲ್ಲ, ಉಪಗ್ರಹದ್ದೂ ಅಲ್ಲ. ಫ್ರಾನ್ಸಿನ ಮಹಾಗಣಿತಜ್ಞ ಲಾಪ್ಲಾಸ್ ತನ್ನ ಕೊನೆಯ ವರ್ಷಗಳಲ್ಲಿ ಪ್ಯಾರಿಸ್ ವೀಕ್ಷಣಾಲಯದ ಹಲವು ವರ್ಷಗಳ ಬ್ಯಾರೋಮೀಟರ್ ದಾಖಲೆಗಳಲ್ಲಿ ಚಂದ್ರನ ಉಬ್ಬರವನ್ನು ಹುಡುಕಿದ. ಏನೋ ಒಂದು ಅಂಕಿ ಸಿಕ್ಕಿತು. ಆದರೆ ಅದು ಕಾಕತಾಳೀಯವೂ ಇರಬಹುದು, ನಂಬಬೇಕಾದರೆ ಇನ್ನೂ ಎಷ್ಟೋ ಹೆಚ್ಚು ವೀಕ್ಷಣೆಗಳು ಬೇಕು ಎಂದು ತೀರ್ಮಾನಿಸಿದ. 1827ರಲ್ಲಿ ತೀರಿಕೊಂಡ. 1918ರಲ್ಲಿ ಬ್ರಿಟಿಷ್ ವಿಜ್ಞಾನಿ ಸಿಡ್ನಿ ಚಾಪ್ಮನ್ ಲಂಡನ್ನಿನ ಗ್ರೀನಿಚ್‌ನ ಅರವತ್ತನಾಲ್ಕು ವರ್ಷಗಳ, ಗಂಟೆಗಂಟೆಯ ದಾಖಲೆಗಳನ್ನು ತೆಗೆದುಕೊಂಡು, ಬಿರುಗಾಳಿಯ ದಿನಗಳನ್ನು ಬದಿಗಿಟ್ಟು, ಉಳಿದ ಶಾಂತ ದಿನಗಳ ಸರಾಸರಿಯಲ್ಲಿ ಅದನ್ನು ಹಿಡಿದ. ಒಂದು ಹೆಕ್ಟೋಪಾಸ್ಕಲ್‌ನ ನೂರನೇ ಒಂದೆರಡು ಭಾಗದಷ್ಟು ಸೂಕ್ಷ್ಮವಾದ ಮಿಡಿತ ಅದು.

ಆ ಅರವತ್ತನಾಲ್ಕು ವರ್ಷ ಗಂಟೆಗಂಟೆಯ ಅಂಕಿಯನ್ನು ಕಾಪಿಟ್ಟವರ ಹೆಸರು ನಮಗೆ ಗೊತ್ತಿಲ್ಲ. ತಮ್ಮ ಸಾಲುಗಳ ನಡುವೆ ಚಂದ್ರನ ಗುರುತು ಇದೆ ಎಂದು ಅವರಿಗೂ ತಿಳಿದಿರಲಾರದು. ಅವರು ಆ ದಿನದ ಅಂಕಿಯನ್ನು ಆ ದಿನ ಸರಿಯಾಗಿ ಬರೆದರು, ಬೇಸರದಿಂದ ನಿನ್ನೆಯದನ್ನೇ ಇಂದಿಗೂ ಬರೆದುಹಾಕಲಿಲ್ಲ. ಲಾಪ್ಲಾಸ್‌ನಂಥ ಮೇಧಾವಿಗೆ ದಕ್ಕದ್ದು ಅವರ ನಿಷ್ಠೆಯಿಂದ ದಕ್ಕಿತು.

ಹೊಸ ಯಂತ್ರ ಸ್ಥಾಪಿಸುವ ದಿನ ದೀಪ ಬೆಳಗುತ್ತೇವೆ, ಫಲಕ ಹಾಕುತ್ತೇವೆ. ಹತ್ತು ವರ್ಷದ ನಂತರ ಅದೇ ಯಂತ್ರಕ್ಕೆ ಬಿಡಿಭಾಗ ತರಿಸಲು, ರಾತ್ರಿ ಪಾಳಿಗೆ ಒಬ್ಬರನ್ನು ಇಡಲು ಹಣ ಕೇಳಿದರೆ ಯಾರಿಗೂ ಉತ್ಸಾಹವಿರುವುದಿಲ್ಲ. ಹೀಗೆ ನಿಂತುಹೋದ ದಾಖಲೆಯನ್ನು ಆಮೇಲೆ ಎಷ್ಟು ಕೋಟಿ ಕೊಟ್ಟರೂ ಕೊಳ್ಳಲಾಗದು. ಕಳೆದ ಮಾರ್ಚ್‌ನ ಗಾಳಿಯನ್ನು ಈ ಮಾರ್ಚ್‌ನಲ್ಲಿ ಅಳೆಯಲು ಬರುವುದಿಲ್ಲ. ಇದು ವಿಜ್ಞಾನಿಗಳ ಮಾತಷ್ಟೇ ಅಲ್ಲ. ಊರಿನ ಬಾವಿಯ ನೀರಿನ ಮಟ್ಟ, ಗದ್ದೆಗೆ ಬಿದ್ದ ಮಳೆ, ಮನೆಯ ಹಿರಿಯರ ರಕ್ತದೊತ್ತಡ, ಶಾಲೆಗೆ ಬಾರದೆ ಉಳಿದ ಮಗುವಿನ ಹಾಜರಿ, ಎಲ್ಲಕ್ಕೂ ಅನ್ವಯಿಸುವ ಮಾತು. ಒಂದು ದಿನ ನೋಡಿದವರಿಗೆ ಅಂಕಿ ಸಿಗುತ್ತದೆ. ವರ್ಷಗಟ್ಟಲೆ ನೋಡಿದವರಿಗೆ ಋತು ತಿಳಿಯುತ್ತದೆ. ಋತು ತಿಳಿದವರಿಗೆ ಮಾತ್ರ ಅದು ತಪ್ಪಿದಾಗ ಗೊತ್ತಾಗುತ್ತದೆ. ಹಾಗಾಗಿ ಇಂದು ಬರೆದಿಡಬೇಕಾದ ಸಾಲನ್ನು, ಅದು ಎಷ್ಟೇ ಸಪ್ಪೆಯಾಗಿ ಕಂಡರೂ, ಇಂದೇ ಬರೆದಿಡೋಣ. ಅದರ ಬೆಲೆ ಕಟ್ಟುವವರು ಮುಂದೆ ಹುಟ್ಟಿಬರುತ್ತಾರೆ.